ಕೆಂಪು ಚೀಟಿಯ ನಾಲ್ಕನೇ ಸಾಲು

ನಮ್ಮ ಕಾರ್ಯಕ್ರಮದಲ್ಲಿ ಜನರ ಅಭಿಪ್ರಾಯಕ್ಕೆ ಎರಡೇ ಬಣ್ಣ. ಪರವಾಗಿ ಮಾತಾಡುವವರಿಗೆ ಹಸಿರು ಚೀಟಿ, ವಿರುದ್ಧ ಮಾತಾಡುವವರಿಗೆ ಕೆಂಪು ಚೀಟಿ. ಬಿಳಿ ಚೀಟಿ ಅಂತ ಒಂದು ಇಲ್ಲವೇ ಇಲ್ಲ. ರೇಡಿಯೋ ಕೇಂದ್ರದ ಎರಡನೇ ಮಹಡಿಯಲ್ಲಿ, ಸ್ಟುಡಿಯೋದ ಗಾಜಿನ ಈಚೆ, ಆರು ಲೈನಿನ ಫೋನಿನ ಮುಂದೆ ಹನ್ನೊಂದು ವರ್ಷದಿಂದ ಕೂತಿದ್ದೇನೆ. ಕರೆ ಮಾಡಿದವರನ್ನು ಅರ್ಧ ನಿಮಿಷ ಮಾತಾಡಿಸಬೇಕು, ಬಣ್ಣ ನಿರ್ಧರಿಸಬೇಕು, ನಾಲ್ಕು ಸಾಲು ಬರೆದು ಗಾಜಿನ ಕೆಳಗಿನ ಸಂದಿಯಲ್ಲಿ ಚೀಟಿಯನ್ನು ನಿರೂಪಕನತ್ತ ತಳ್ಳಬೇಕು. ಅವನು ಹಸಿರು, ಕೆಂಪು, ಹಸಿರು, ಕೆಂಪು ಎಂದು ಒಂದಾದ ಮೇಲೊಂದು ಎತ್ತಿಕೊಳ್ಳುತ್ತಾನೆ.

ಮೊದಲ ಸಾಲಿನಲ್ಲಿ ಲೈನಿನ ಸಂಖ್ಯೆ. ಎರಡನೆಯದರಲ್ಲಿ ಕಸುಬು, ವಯಸ್ಸು. ಮೂರನೆಯದರಲ್ಲಿ ಅವರು ಹೇಳಲಿರುವ ಮಾತು. ನಾಲ್ಕನೆಯದು ನಿರೂಪಕನಿಗೊಂದು ಸುಳಿವು: 'ಮಾತು ಉದ್ದ, ಬೇಗ ನಿಲ್ಲಿಸಿ', 'ನಡುವೆ ಅಳಬಹುದು', 'ಹಾಡು ಹೇಳುವ ಅಪಾಯವಿದೆ'. ಈ ನಾಲ್ಕನೇ ಸಾಲಿಗೆ ನಾನು ಕೇಂದ್ರದಲ್ಲೆಲ್ಲ ಹೆಸರುವಾಸಿ. ಅರ್ಧ ನಿಮಿಷದಲ್ಲಿ ಮನುಷ್ಯರನ್ನು ಅಳೆದುಬಿಡುತ್ತೇನೆ ಅನ್ನುತ್ತಿದ್ದರು. ನಾನೂ ಹಾಗೇ ಅಂದುಕೊಂಡು ಒಳಗೊಳಗೇ ಬೀಗುತ್ತಿದ್ದೆ.

ಕಾರ್ಯಕ್ರಮದ ಹೆಸರು 'ನೀವೇನಂತೀರಿ'. ನಿರೂಪಕನನ್ನು ನಾವೆಲ್ಲ ಸಿಡಿಮದ್ದು ಅಂತಲೇ ಕರೆಯುವುದು. ಮಧ್ಯಾಹ್ನ ಹನ್ನೆರಡಕ್ಕೆ ಶುರುವಾಗಿ ಒಂದಕ್ಕೆ ಮುಗಿಯುವಾಗ ಅವನು ಪ್ರತಿದಿನ ಒಂದು ಮಾತು ಹೇಳುತ್ತಾನೆ: "ಕರೆ ಜೋಡಿಸಿದವರು ನಮ್ಮ ಫೋನಮ್ಮ." ಆ ಫೋನಮ್ಮ ನಾನೇ. ಈ ಒಂದು ಮಾತು ಕೇಳುವುದಕ್ಕಾಗಿ ನಮ್ಮ ದೊಡ್ಡಪ್ಪ ಇಡೀ ಒಂದು ಗಂಟೆ ರೇಡಿಯೋ ಹಾಕಿಕೊಂಡು ಕೂರುತ್ತಾರೆ ಎಂದು ದೊಡ್ಡಮ್ಮ ಹೇಳಿದ್ದರು. ಜಗಳವಾದ ಮೇಲೂ ಅದನ್ನು ಬಿಟ್ಟಿರಲಿಲ್ಲವಂತೆ.

ಜಗಳದ ವಿಷಯ ಹೇಳಬೇಕು. ಅಪ್ಪ, ದೊಡ್ಡಪ್ಪ ಇಬ್ಬರೂ ದರ್ಜಿಗಳು. ಮೂವತ್ತೊಂದು ವರ್ಷ ಒಂದೇ ಅಂಗಡಿಯಲ್ಲಿ ಕೆಲಸ ಮಾಡಿದರು. ದೊಡ್ಡಪ್ಪ ಬಟ್ಟೆ ಕತ್ತರಿಸುವುದು, ಅಪ್ಪ ಹೊಲಿಯುವುದು. ದೊಡ್ಡಪ್ಪನ ಕತ್ತರಿ ಎಂದರೆ ಊರಿಗೇ ಗೊತ್ತು. ಗಿರಾಕಿ ಮೆಟ್ಟಿಲು ಹತ್ತುವುದರೊಳಗೆ ಅವನ ಭುಜ ಎಷ್ಟು ಇಂಚು ಎಂದು ಹೇಳುತ್ತಿದ್ದರು. ಊರಿಗೆ ಗೊತ್ತಿಲ್ಲದೆ ಇದ್ದದ್ದು ಇನ್ನೊಂದು: ದೊಡ್ಡಪ್ಪನಿಗೆ ಓದು ಬರಹ ಬಾರದು. ಅವರು ಅಳತೆ ಹೇಳುತ್ತಿದ್ದರು, ಅಪ್ಪ ಬರೆದುಕೊಳ್ಳುತ್ತಿದ್ದ. ನಾನು ಸ್ಕೂಲಿನಿಂದ ಬಂದ ಮೇಲೆ ಆ ಕೆಲಸ ನನ್ನದು. "ಬರ್ಕೋ ಪುಟ್ಟಿ, ನಿನ್ನ ಅಕ್ಷರ ಮುತ್ತಿನ ಹಾಗಿದೆ" ಎಂದು ಗಿರಾಕಿಗಳ ಮುಂದೆ ಹೇಳುತ್ತಿದ್ದರು. ಎಲ್ಲರೂ ಅದನ್ನು ಮುದ್ದು ಅಂದುಕೊಂಡರು. ಮನೆಯವರು ನಾಲ್ಕು ಜನ ಬಿಟ್ಟರೆ ಇನ್ನೊಬ್ಬರಿಗೆ ಅನುಮಾನ ಬರಲಿಲ್ಲ.

ಮೂರು ವರ್ಷದ ಹಿಂದೆ, ವಿಧಾನಸಭೆ ಚುನಾವಣೆಗೆ ಮುಂಚೆ, ದೊಡ್ಡಪ್ಪ ತಮ್ಮ ಪಕ್ಷದ ಇನ್ನೂರು ಬಾವುಟಕ್ಕೆ ಬಟ್ಟೆ ಕತ್ತರಿಸಿ ಅಪ್ಪನ ಮಿಷನ್ನಿನ ಮೇಲೆ ಇಟ್ಟರು. ಅಪ್ಪನಿಗೆ ಆ ಪಕ್ಷ ಕಂಡರಾಗದು. ಹೊಲಿಯುವುದಿಲ್ಲ ಎಂದ. ಮಾತಿಗೆ ಮಾತು ಬೆಳೆಯಿತು. ಸತ್ತು ಹೋದ ಅಜ್ಜನನ್ನೂ ಎಳೆದು ತಂದರು. ಮಾರನೇ ವಾರ ಅಂಗಡಿಯ ನಡುವೆ ಒಂದು ಪ್ಲೈವುಡ್ ಹಲಗೆ ನಿಂತಿತು. ಆಚೆ ಕತ್ತರಿ, ಈಚೆ ಮಿಷನ್ನು. ಗಿರಾಕಿಗಳೂ ಪಕ್ಷ ನೋಡಿಕೊಂಡು ಹಂಚಿಹೋದರು. ದೊಡ್ಡಪ್ಪ ಅಡ್ಡಾದಿಡ್ಡಿ ಹೊಲಿಗೆ ಹಾಕುವುದನ್ನೂ ಅಪ್ಪ ಸೊಟ್ಟಸೊಟ್ಟ ಕತ್ತರಿಸುವುದನ್ನೂ ಊರು ಸಹಿಸಿಕೊಂಡಿತು. ಅಳತೆ ಬರೆಯುವವರಿಲ್ಲದೆ ದೊಡ್ಡಪ್ಪ ಪ್ರತಿ ಗಿರಾಕಿಗೂ ಒಂದೊಂದು ದಾರ ಇಟ್ಟು, ಅದರಲ್ಲಿ ಗಂಟು ಹಾಕಿ ನೆನಪಿಟ್ಟುಕೊಳ್ಳುತ್ತಿದ್ದರು. ಹಲಗೆಯ ಎರಡೂ ಕಡೆ ಕೂತವರು ಒಬ್ಬರ ಕೆಮ್ಮು ಇನ್ನೊಬ್ಬರು ಕೇಳುತ್ತ ಮೂರು ವರ್ಷ ಮಾತಾಡಲಿಲ್ಲ. ನಾನು ಅಪ್ಪನ ಕಡೆಗೆ ಮಾತ್ರ ಹೋಗುತ್ತಿದ್ದೆ. ದೊಡ್ಡಪ್ಪನ ಕಡೆ ಕಾಲಿಡಲಿಲ್ಲ. ಹೇಡಿತನ, ಅಷ್ಟೆ.

ಈ ಸಲ ಲೋಕಸಭೆ ಚುನಾವಣೆಯಲ್ಲಿ ದೊಡ್ಡಪ್ಪನ ಪಕ್ಷ ಗೆದ್ದಿತು. ಹೊಸ ಪ್ರಧಾನಿ ಬೆಳಿಗ್ಗೆ ಹನ್ನೊಂದಕ್ಕೆ ಪ್ರಮಾಣವಚನ ಸ್ವೀಕರಿಸಿದರು. ಹನ್ನೆರಡಕ್ಕೆ ನಮ್ಮ ಆರೂ ಲೈನು ಒಟ್ಟಿಗೆ ಬಡಿದುಕೊಳ್ಳತೊಡಗಿದವು. ಎತ್ತಿದರೆ ಎಲ್ಲರೂ ಹಸಿರು. ಒಬ್ಬಾಕೆ ಖುಷಿ ತಡೆಯಲಾರದೆ ಅತ್ತಳು. ಇನ್ನೊಬ್ಬ ನಮ್ಮ ಕಷ್ಟ ಇವತ್ತಿಗೆ ಮುಗೀತು ಎಂದು ನನಗೇ ಅಭಿನಂದನೆ ಹೇಳಿದ. ಸೋತ ಕಡೆಯವರು ಬಾಗಿಲು ಹಾಕಿಕೊಂಡು ಮಲಗಿದ್ದರೋ ಏನೋ, ಕೆಂಪಿಗೆ ಬರಗಾಲ. ಹನ್ನೆರಡೂವರೆಗೆ ನನ್ನ ಮುಂದೆ ಹದಿಮೂರು ಹಸಿರು ಚೀಟಿ ಇದ್ದವು. ಕೆಂಪು ಇದ್ದದ್ದು ಎರಡು, ಎರಡೂ ಖರ್ಚಾಗಿದ್ದವು.

ಕಾರ್ಯಕ್ರಮದ ಮುಖ್ಯಸ್ಥೆಯನ್ನು ನಾವು ಮೇಡಂ ಎನ್ನುತ್ತೇವೆ. ಅವರು ನನ್ನ ಬೆನ್ನ ಹಿಂದೆ ಬಂದು ನಿಂತರು.

"ಕೆಂಪು ಎಲ್ಲಿದೆಯಮ್ಮಾ?"

"ಬರ್ತಿಲ್ಲ ಮೇಡಂ."

"ಬರ್ತಿಲ್ಲ ಅಂದ್ರೆ? ಇದು ಹೊಗಳುಭಟ್ಟರ ಸಭೆ ಆಗ್ತಿದೆ. ಐದು ನಿಮಿಷದಲ್ಲಿ ನನಗೊಂದು ಕೆಂಪು ಬೇಕು. ಸಾಧ್ಯವಾದ್ರೆ ಒಳ್ಳೆ ಕೆಂಪು."

ಆಗ ಮೂರನೇ ಲೈನು ಬಂತು.

"ನೀವೇನಂತೀರಿ, ನಮಸ್ಕಾರ."

"ಮಗಳೇ, ನಾನು."

ನನ್ನ ಮೈ ಉರಿಯಿತು. "ಅಪ್ಪಾ, ಈ ನಂಬರಿಗೆ ಮಾಡ್ಬೇಡ ಅಂತ ಎಷ್ಟು ಸಲ ಹೇಳಿದೀನಿ?"

"ನಿನ್ನ ಹತ್ರ ಮಾತಾಡೋಕಲ್ಲಮ್ಮ. ಒಳಗೆ ಬಿಡು. ಅಣ್ಣನ ಹತ್ರ ಮಾತಾಡ್ಬೇಕು."

"ದೊಡ್ಡಪ್ಪ ನಿನ್ನ ಪಕ್ಕದಲ್ಲೇ ಇದಾರಲ್ಲ!"

"ಇದಾನೆ. ನಾನು ಕರೆದ್ರೆ ಓ ಅನ್ನಲ್ಲ. ರೇಡಿಯೋದಲ್ಲಿ ಕರೆದ್ರೆ ಕೇಳ್ಲೇಬೇಕಲ್ಲ." ಅಪ್ಪ ದನಿ ತಗ್ಗಿಸಿದ. "ಅವನ ಮನುಷ್ಯ ಗೆದ್ದ ಕಣೇ. ಇಪ್ಪತ್ತು ವರ್ಷ ಕಾದಿದ್ದ. ಬೆಳಿಗ್ಗೆ ಪ್ರಮಾಣವಚನ ಆದಾಗ ಆ ಕಡೆ ಒಬ್ಬನೇ ಕೂತು ಚಪ್ಪಾಳೆ ಹೊಡೆದ. ಒಬ್ಬನೇ. ನನಗೆ ಕೇಳೋಕಾಗ್ಲಿಲ್ಲ. 'ಅಣ್ಣಾ, ನಿನ್ನ ಮನುಷ್ಯ ನನಗೆ ಹಿಡಿಸಲ್ಲ, ಆದ್ರೆ ನಿನಗೆ ಖುಷಿ ಆಗಿದ್ರೆ ನನಗೂ ಖುಷಿ, ಹಲಗೆ ತೆಗೆದುಬಿಡೋಣ.' ಇಷ್ಟೇ ಹೇಳ್ತೀನಿ. ಒಂದು ನಿಮಿಷ ಸಾಕು."

ನನಗೆ ಎಲ್ಲವೂ ಗೊತ್ತಾಯಿತು. ಅರ್ಧ ನಿಮಿಷದಲ್ಲಿ ಅಳೆಯುವವಳಲ್ಲವೇ ನಾನು? ಇದು ಹಸಿರೂ ಅಲ್ಲ, ಕೆಂಪೂ ಅಲ್ಲ ಎಂದು ಗೊತ್ತಾಯಿತು. ಅಪ್ಪ ಇದನ್ನು ಹೇಳುವುದಕ್ಕೆ ಎಷ್ಟು ದಿನ ಬಾಯಿಪಾಠ ಮಾಡಿರಬಹುದು ಎಂದೂ ಗೊತ್ತಾಯಿತು. ಹಿಂದೆ ಮೇಡಂ ಪೆನ್ನಿನಿಂದ ಕುರ್ಚಿಗೆ ಟಕಟಕ ಬಡಿಯುತ್ತಿದ್ದರು. ನಾನು ಕೆಂಪು ಚೀಟಿ ಎಳೆದುಕೊಂಡೆ.

ಆಗ ನನಗೆ ನಾನೇ ಹೇಳಿಕೊಂಡ ಸಮಾಧಾನ ಹೀಗಿತ್ತು: ಬಣ್ಣ ನಮ್ಮ ಒಳಗಿನ ವ್ಯವಸ್ಥೆ ತಾನೆ, ಒಮ್ಮೆ ಒಳಗೆ ಹೋದ ಮೇಲೆ ಅಪ್ಪ ತನಗೆ ಬೇಕಾದ್ದನ್ನು ಹೇಳಿಕೊಳ್ಳುತ್ತಾನೆ, ಬಾಯೇನು ಬಾಡಿಗೆಗೆ ಕೊಟ್ಟಿಲ್ಲವಲ್ಲ. ಮೂರು ಸಾಲು ಬರೆದೆ. 'ಲೈನ್ ಮೂರು. ದರ್ಜಿ, ಅರವತ್ತಮೂರು. ಹೊಸ ಪ್ರಧಾನಿ ಮೇಲೆ ಸಿಟ್ಟು, ಮನೆಯಲ್ಲೇ ಒಡಕು.' ನಾಲ್ಕನೇ ಸಾಲನ್ನೂ ಬರೆದೆ. ಅದೇನೆಂದು ಆಮೇಲೆ ಹೇಳುತ್ತೇನೆ. ಈಗ ಹೇಳಲು ನಾಲಿಗೆ ಬರುತ್ತಿಲ್ಲ.

ಸಿಡಿಮದ್ದು ಚೀಟಿ ಓದಿ ಕುರ್ಚಿಯಲ್ಲಿ ನೆಟ್ಟಗಾದ.

"ಬನ್ನಿ ಯಜಮಾನ್ರೇ! ಬಹಳ ಸಿಟ್ಟಲ್ಲಿದೀರಂತೆ. ಹೊಸ ಪ್ರಧಾನಿ ನಿಮ್ಮ ಮನೆಯನ್ನೇ ಒಡೆದ್ರಂತೆ?"

"ಇಲ್ಲ ಸ್ವಾಮಿ, ಸಿಟ್ಟೇನಿಲ್ಲ. ನಾನು..."

ಅಷ್ಟರಲ್ಲಿ ಕುಂಯ್ ಎಂದು ಕಿವಿ ಕೊರೆಯುವ ಸದ್ದು ಶುರುವಾಯಿತು. ಮಾತಾಡುವವರ ಹತ್ತಿರ ರೇಡಿಯೋ ಜೋರಾಗಿ ಹಾಡುತ್ತಿದ್ದರೆ ಹೀಗಾಗುತ್ತದೆ. ದಿನಕ್ಕೆ ಹತ್ತು ಸಲ ಆಗುವಂಥದ್ದು.

"ನಿಮ್ಮ ರೇಡಿಯೋ ಸ್ವಲ್ಪ ಸಣ್ಣ ಮಾಡಿ ಯಜಮಾನ್ರೇ."

"ಅದು ನನ್ನದಲ್ಲ ಸ್ವಾಮಿ, ನಮ್ಮಣ್ಣಂದು. ಹಲಗೆ ಆಚೆ ಇದಾನೆ. ಸಣ್ಣ ಮಾಡೋದು ಬೇಡ, ಅವನು ಕೇಳ್ಬೇಕು."

"ಓಹೋ! ಅಣ್ಣ ಗೆದ್ದ ಪಾರ್ಟಿ, ನೀವು ಸೋತ ಪಾರ್ಟಿ. ನಡುವೆ ಗೋಡೆ ಬೇರೆ! ಅಣ್ಣನಿಗೆ ಎರಡು ಬುದ್ಧಿಮಾತು ಹೇಳೋಕಾಗ್ಲಿಲ್ವಾ?"

"ಬುದ್ಧಿ ಹೇಳೋಕೆ ನಾನ್ಯಾರು ಸ್ವಾಮಿ, ಅವನು ದೊಡ್ಡವನು..."

"ಹಾಗಾದ್ರೆ ಅವರು ತಿಳಿದವರು, ನೀವು ದಡ್ಡರು ಅಂತ ಒಪ್ಕೊಂಡ್ರಿ. ಅಣ್ಣನ ಮುಂದೆ ಬಾಯಿ ಬಿಡೋಕೆ ಧೈರ್ಯ ಇಲ್ಲ. ಅಲ್ವೇ?"

ಗಾಜಿನ ಆಚೆ ಅವನ ಕಣ್ಣು ಹೊಳೆಯುತ್ತಿತ್ತು. ನನ್ನ ಮುಂದೆ ಕರೆ ಕತ್ತರಿಸುವ ಗುಂಡಿ ಇದೆ. ಬೆರಳು ಅದರ ಮೇಲೇ ಇತ್ತು. ಮೇಡಂ ನನ್ನ ಭುಜ ತಟ್ಟಿ "ಭೇಷ್" ಎಂದರು. ಬೆರಳು ಅಲ್ಲೇ ಉಳಿಯಿತು.

"ದಡ್ಡ ನಾನಲ್ಲ ಸ್ವಾಮಿ," ಅಪ್ಪನ ದನಿ ಏರಿತು. "ಅವನಿಗೆ ಓದೋಕೇ ಬರಲ್ಲ. ಚಿಹ್ನೆ ನೋಡಿ ಒತ್ತಿ ಬರ್ತಾನೆ. ಇಷ್ಟು ವರ್ಷ ಅಳತೆ ಬರೆದಿದ್ದೆಲ್ಲ ನಾನೇ!"

ಸಿಡಿಮದ್ದು ಟೇಬಲ್ ಕುಟ್ಟಿ ನಕ್ಕ. "ಕೇಳಿದ್ರಲ್ಲ ಕೇಳುಗರೇ! ಹೊಸ ಪ್ರಧಾನಿಯನ್ನ ಆರಿಸಿದೋರು ಯಾರು ಅಂತ ಮನೆಯವರೇ ಹೇಳ್ತಿದಾರೆ!"

ಆಗ ಆ ಕುಂಯ್ ಸದ್ದು ನಿಂತಿತು. ಸಣ್ಣದಾಗಲಿಲ್ಲ, ಒಮ್ಮೆಗೇ ನಿಂತಿತು. ಹಲಗೆಯ ಆಚೆ ಒಂದು ಕೈ ರೇಡಿಯೋ ಆರಿಸಿತ್ತು. ಹಿಂದೆಯೇ ಆ ಕಡೆಯ ಬಾಗಿಲು ಎಳೆದುಕೊಂಡು ಹೊರಟುಹೋದ ಸದ್ದು ಕೇಳಿತು. ಹನ್ನೊಂದು ವರ್ಷದಲ್ಲಿ ಅಷ್ಟು ಚೊಕ್ಕಟವಾದ ಲೈನು ನಾನು ಕೇಳಿರಲಿಲ್ಲ. ಅಪ್ಪನ ಉಸಿರೂ ಕೇಳುತ್ತಿತ್ತು.

"ಹಾಂ, ಈಗ ಚೆನ್ನಾಗಿ ಕೇಳಿಸ್ತಿದೆ," ಎಂದ ಸಿಡಿಮದ್ದು.

"ಅಣ್ಣಾ," ಎಂದ ಅಪ್ಪ. "ಅಣ್ಣಾ, ನಾನು ಹೇಳೋಕೆ ಬಂದಿದ್ದು ಅದಲ್ಲ ಕಣೋ. ಹಲಗೆ..."

"ಸಮಯ ಆಯ್ತು ಯಜಮಾನ್ರೇ, ಧನ್ಯವಾದ. ಮುಂದಿನ ಕರೆ."

ಆ ಮಾತನ್ನು ಇಡೀ ಊರು ಕೇಳಿತು, ದೊಡ್ಡಪ್ಪ ಒಬ್ಬರನ್ನು ಬಿಟ್ಟು. ಒಂದು ಗಂಟೆಗೆ ಸಿಡಿಮದ್ದು "ಕರೆ ಜೋಡಿಸಿದವರು ನಮ್ಮ ಫೋನಮ್ಮ" ಎಂದಾಗ ಅದನ್ನು ಕೇಳುವುದಕ್ಕೂ ಅವರಿರಲಿಲ್ಲ. ಮುಗಿದ ಚೀಟಿಗಳನ್ನು ಹಾಕುವ ಬುಟ್ಟಿಯಿಂದ ಆ ಕೆಂಪು ಚೀಟಿಯನ್ನು ಹೆಕ್ಕಿ ಪರ್ಸಿನಲ್ಲಿಟ್ಟುಕೊಂಡೆ. ಯಾರ ಕಣ್ಣಿಗೂ ಬೀಳದಿರಲಿ ಎಂದೋ, ನನ್ನ ಕಣ್ಣಿಗೆ ಬೀಳುತ್ತಿರಲಿ ಎಂದೋ, ನನಗೇ ತಿಳಿಯದು.

ಸಂಜೆ ಅಂಗಡಿಗೆ ಹೋದೆ. ದೊಡ್ಡಪ್ಪನ ಕಡೆ ಬಾಗಿಲು ಎಳೆದಿತ್ತು. ಅಪ್ಪ ಮಿಷನ್ನಿನ ಮುಂದೆ ಕೈ ಕಟ್ಟಿ ಕೂತಿದ್ದ. ನನ್ನನ್ನು ಕಂಡ ಕೂಡಲೇ ಎದ್ದ.

"ನಿನ್ನ ಕೆಲಸಕ್ಕೇನೂ ತೊಂದರೆ ಆಗ್ಲಿಲ್ಲ ತಾನೇ ಮಗಳೇ?"

"ಇಲ್ಲಪ್ಪ."

"ನೀನು ನಂಬಿ ಒಳಗೆ ಬಿಟ್ಟೆ. ನಾನು ಹೋಗಿ ಹಾಳು ಬಾಯಿ ಬಿಟ್ಟೆ. ಅದ್ಯಾಕೆ ಹಾಗಂದೆ ಅಂತ ನನಗೇ ಗೊತ್ತಿಲ್ಲ. ಆ ಮನುಷ್ಯ ದಡ್ಡ ಅಂದ ನೋಡು, ತಲೆ ಕೆಟ್ಟುಹೋಯ್ತು. ಯಾರಿಗೂ ಹೇಳಲ್ಲ ಅಂತ ನಮ್ಮಮ್ಮನ ಮುಂದೆ ಮಾತು ಕೊಟ್ಟಿದ್ದೆ, ಹದಿನೈದು ವರ್ಷದವನಿದ್ದಾಗ." ಅಪ್ಪ ಮುಖ ಒರೆಸಿಕೊಂಡ. "ನನ್ನ ನಾಲಿಗೆ ಸರಿಯಿಲ್ಲ. ನಿನ್ನ ತಪ್ಪೇನೂ ಇಲ್ಲ."

ನನ್ನ ತಪ್ಪೇನೂ ಇಲ್ಲವಂತೆ! ಪರ್ಸಿನಲ್ಲಿ ಚೀಟಿ ಇತ್ತು. ತೆಗೆದು ಮುಂದಿಟ್ಟಿದ್ದರೆ ಆ ಮುದುಕನ ಅರ್ಧ ಭಾರ ಇಳಿಯುತ್ತಿತ್ತು. "ಹೋಗ್ಲಿ ಬಿಡಪ್ಪ, ಜನ ಮರೀತಾರೆ" ಎಂದೆ. ಎಂಥ ಮಾತು! ಹೇಳಿದ ನನಗೇ ಅಸಹ್ಯವಾಯಿತು. ಆದರೂ ಅದನ್ನೇ ಇನ್ನೊಮ್ಮೆ ಹೇಳಿ ಮನೆಗೆ ಬಂದೆ.

ಜನ ಮರೆಯಲಿಲ್ಲ. ಮರೆಯಲು ನಾವು ಬಿಡಲೂ ಇಲ್ಲ. ಮಾರನೇ ದಿನದಿಂದ ನಮ್ಮ ಕೇಂದ್ರ ಆ ತುಣುಕನ್ನೇ ಜಾಹೀರಾತು ಮಾಡಿಕೊಂಡು ಗಂಟೆಗೊಮ್ಮೆ ಬಿತ್ತರಿಸಿತು. 'ಚಿಹ್ನೆ ನೋಡಿ ಒತ್ತಿ ಬರ್ತಾನೆ!' ಆಮೇಲೆ ಸಿಡಿಮದ್ದಿನ ನಗು, ಆಮೇಲೆ 'ನೀವೇನಂತೀರಿ, ಪ್ರತಿದಿನ ಹನ್ನೆರಡಕ್ಕೆ'. ಸೋತ ಕಡೆಯವರಿಗೆ ಅದು ಹಬ್ಬವಾಯಿತು. ಗೆದ್ದ ಕಡೆಯವರು ನಮ್ಮ ವೋಟಿಗೆ ಅವಮಾನ ಎಂದು ಕೂಗಾಡಿದರು. ಮೂರು ದಿನ ಕೆಂಪು ಹಸಿರು ಎರಡಕ್ಕೂ ಬರವಿರಲಿಲ್ಲ. ಮೇಡಂ ಎಲ್ಲರಿಗೂ ಟೀ ಕೊಡಿಸಿದರು. ನಾನೂ ಕುಡಿದೆ.

ಆ ದರ್ಜಿಗಳು ಯಾರೆಂದು ಊರಿಗೆ ಗೊತ್ತಿಲ್ಲದಿದ್ದರೂ ನಮ್ಮ ಬೀದಿಗೆ ಗೊತ್ತಿತ್ತು. ಯಾರೋ ಒಬ್ಬ ದೊಡ್ಡಪ್ಪನ ಅಂಗಡಿಗೆ ಬಂದು, "ಯಜಮಾನ್ರೇ, ಈ ಪೇಪರಲ್ಲಿ ನಿಮ್ಮ ಪ್ರಧಾನಿ ಏನಂದಿದಾರೆ, ಓದಿ ಹೇಳಿ" ಎಂದನಂತೆ. ದೊಡ್ಡಪ್ಪ, "ಕನ್ನಡಕ ಮನೇಲಿದೆ" ಎಂದರಂತೆ. ಅವರಿಗೆ ಕನ್ನಡಕವೇ ಇಲ್ಲ. ಫೋನಿನಲ್ಲಿ ಇದನ್ನು ಹೇಳಿ ದೊಡ್ಡಮ್ಮ ಒಂದು ಮಾತೂ ಬೈಯದೆ ಇಟ್ಟುಬಿಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ನಾಲ್ಕನೇ ದಿನ ಬೆಳಿಗ್ಗೆ ಹತ್ತಕ್ಕೆ ದೊಡ್ಡಪ್ಪನ ಕಡೆಯ ಮೆಟ್ಟಿಲು ಹತ್ತಿದೆ. ಮೂರು ವರ್ಷದ ಮೇಲೆ ಮೊದಲ ಸಲ. ಹಲಗೆಯ ಆಚೆ ಅಪ್ಪನ ಮಿಷನ್ನು ಓಡುತ್ತಿತ್ತು. ಅದು ಓಡುತ್ತಿರುವ ಹೊತ್ತನ್ನೇ ನೋಡಿಕೊಂಡು ಹೋಗಿದ್ದೆ. ಅಪ್ಪನಿಗೆ ಕೇಳಿಸಬಾರದು ಎಂಬ ಲೆಕ್ಕಾಚಾರ ಆಗಲೂ ಬಿಟ್ಟಿರಲಿಲ್ಲ.

ದೊಡ್ಡಪ್ಪ ಸೀಮೆಸುಣ್ಣದಲ್ಲಿ ಬಟ್ಟೆಯ ಮೇಲೆ ಗೆರೆ ಎಳೆಯುತ್ತಿದ್ದರು. ಗೋಡೆಯ ಮೊಳೆಗಳಲ್ಲಿ ಗಂಟು ಹಾಕಿದ ದಾರಗಳು ಸಾಲಾಗಿ ನೇತಾಡುತ್ತಿದ್ದವು. ರೇಡಿಯೋ ಬೆನ್ನು ತಿರುಗಿಸಿಕೊಂಡು ಮೂಲೆಯಲ್ಲಿ ಕೂತಿತ್ತು.

"ಬಾ ಪುಟ್ಟಿ," ಎಂದರು. ತಲೆ ಎತ್ತಲಿಲ್ಲ.

"ದೊಡ್ಡಪ್ಪಾ, ಅವತ್ತು ಅಪ್ಪ..."

"ಅವನ ವಿಷಯ ಬಿಡು. ಸಿಟ್ಟು ಬಂತು, ಬಂದಿಲ್ಲ ಅಂತಲ್ಲ. ಆದ್ರೆ ನನಗೆ ಬೇಜಾರಾಗಿದ್ದು ಬೇರೆ." ಗೆರೆ ಮುಗಿಸಿ ಸೀಮೆಸುಣ್ಣ ಕೆಳಗಿಟ್ಟರು. "ಕರೆ ಜೋಡಿಸೋಳು ನೀನು. ಏನು ಹೇಳ್ತೀಯ ಅಂತ ಮೊದಲೇ ಕೇಳ್ಕೊಂಡೇ ಒಳಗೆ ಬಿಡ್ತೀಯ ತಾನೆ? ಇವನು ನನ್ನ ಗುಟ್ಟು ಹೇಳ್ತೀನಿ ಅಂದಾಗ್ಲೂ ನಮ್ಮ ಪುಟ್ಟಿ ಸರಿ ಹೋಗು ಅಂದ್ಳಾ ಅಂತ. ಅಷ್ಟೇ ಬೇಜಾರು."

ಮೆಲ್ಲಗೆ, ಮಿಷನ್ನಿನ ಸದ್ದಿನ ಮರೆಯಲ್ಲಿ ಹೇಳಿದೆ. ಅಪ್ಪ ನಿಜವಾಗಿ ಏನು ಹೇಳಬೇಕೆಂದು ಬಂದಿದ್ದ, ಚಪ್ಪಾಳೆಯ ವಿಷಯ, ಹಲಗೆಯ ವಿಷಯ, ಎರಡು ಬಣ್ಣದ ವಿಷಯ, ಕೆಂಪು ಸಿಗದೆ ನಾನು ಮಾಡಿದ ಕೆಲಸ. ಹೇಳುತ್ತ ಹೇಳುತ್ತ ಚೀಟಿ ತೆಗೆದು ಬಟ್ಟೆಯ ಮೇಲಿಟ್ಟೆ.

ದೊಡ್ಡಪ್ಪ ಅದನ್ನು ಎತ್ತಿಕೊಂಡು ಬೆಳಕಿಗೆ ಹಿಡಿದರು. ತಲೆಕೆಳಗಾಗಿ ಹಿಡಿದಿದ್ದರು. ನಾನು ಅದನ್ನು ಸರಿಮಾಡಲೂ ಇಲ್ಲ, ಬೇರೆ ಕಡೆ ನೋಡಲೂ ಇಲ್ಲ.

"ಓದು."

ವಾಪಸ್ ತೆಗೆದುಕೊಂಡೆ. "ಲೈನ್ ಮೂರು. ದರ್ಜಿ, ಅರವತ್ತಮೂರು. ಹೊಸ ಪ್ರಧಾನಿ ಮೇಲೆ ಸಿಟ್ಟು, ಮನೆಯಲ್ಲೇ ಒಡಕು." ಚೀಟಿ ಮಡಿಸಿದೆ.

"ಅಷ್ಟೇನಾ?"

"ಅಷ್ಟೇ ದೊಡ್ಡಪ್ಪ."

ಅವರು ಮಡಿಸಿದ ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಬಿಚ್ಚಿದರು. ಸೀಮೆಸುಣ್ಣ ಹತ್ತಿದ ಬೆರಳನ್ನು ಒಂದೊಂದು ಸಾಲಿನ ಮೇಲೂ ಇಡುತ್ತ ಬಂದರು. ಬಟ್ಟೆಯ ಅಂಚು ಅಳೆಯುವಾಗ ಇಡುತ್ತಿದ್ದ ಹಾಗೆಯೇ.

"ಇಲ್ಲಿ ನಾಲ್ಕಿದೆ. ನೀನು ಮೂರು ಸಲ ನಿಲ್ಸಿ ಓದಿದೆ," ಎಂದರು. "ನನಗೆ ಓದೋಕೆ ಬರಲ್ಲ ಪುಟ್ಟಿ. ಎಣಿಸೋಕೆ ಬರುತ್ತೆ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರಿಗೆ ಓದಲು ಬಾರದು ಎಂಬುದನ್ನೇ ನೆಚ್ಚಿಕೊಂಡು, ಅವರ ಮುಂದೆಯೇ, ಅವರ ಅಂಗಡಿಯಲ್ಲೇ ಮತ್ತೊಮ್ಮೆ ಮೋಸ ಮಾಡಿದ್ದೆ. ಪೇಪರು ತಂದು ಗೇಲಿ ಮಾಡಿದವನಿಗಿಂತ ನಾನು ಯಾವುದರಲ್ಲಿ ಮೇಲು? ಹೊಲಿಗೆ ಮಿಷನ್ನು ಯಾವಾಗಲೋ ನಿಂತಿತ್ತು. ನಾನು ಗಮನಿಸಿರಲಿಲ್ಲ.

"ಓದು," ಎಂದರು ದೊಡ್ಡಪ್ಪ. "ಜೋರಾಗಿ ಓದು. ಅವನಿಗೂ ಕಿವಿ ಮಂದ ಆಗಿದೆ."

ನಾನು ಜೋರಾಗಿ ಓದಿದೆ. "ಕೆಣಕಿದರೆ ಚೆನ್ನಾಗಿ ಮಾತಾಡುತ್ತಾರೆ."

ಹಲಗೆಯ ಆಚೆ ಕುರ್ಚಿ ಸರಿದ ಸದ್ದಾಯಿತು. ದೊಡ್ಡಪ್ಪ ಸ್ವಲ್ಪ ಹೊತ್ತು ನನ್ನ ಮುತ್ತಿನ ಅಕ್ಷರವನ್ನೇ ನೋಡುತ್ತಿದ್ದರು. ಆಮೇಲೆ ಹಲಗೆಯ ಕಡೆ ಮುಖ ತಿರುಗಿಸಿದರು.

"ಕೇಳಿಸ್ತೇನೋ?"

"ಕೇಳಿಸ್ತು ಅಣ್ಣ," ಎಂದ ಅಪ್ಪ.

ಮೂರು ವರ್ಷದಲ್ಲಿ ಅವರಿಬ್ಬರು ಆಡಿದ ಮೊದಲ ಮಾತು ಅದು. ಅಪ್ಪ ಎದ್ದು ಹೊರಗಿನಿಂದ ಸುತ್ತಿಕೊಂಡು ಬರುತ್ತಿರುವ ಹೆಜ್ಜೆ ಸದ್ದು ಕೇಳಿತು. ಬಾಗಿಲಲ್ಲಿ ಅವನ ನೆರಳು ಬೀಳುವ ಹೊತ್ತಿಗೆ ನಾನು ತಲೆ ತಗ್ಗಿಸಿ ಕೂತು, ಚಿಕ್ಕವಳಿದ್ದಾಗ ಮಾಡುತ್ತಿದ್ದ ಹಾಗೆ, ನೆಲದ ಮೇಲಿದ್ದ ಬಟ್ಟೆಯ ಚೂರುಗಳನ್ನು ಆರಿಸತೊಡಗಿದೆ.